ನಂಚಿಕೊಳ್ಳಲು ಹಸಿಮೆಣಸಿನಕಾಯಿ ಹುರಿಯುವುದು: ಹೊರಗೆ ಕರಿಕಲು, ಒಳಗೆ ಹಸಿ. ಹದ ತಪ್ಪುವುದು ಎಲ್ಲಿ?

ಪ್ರಶ್ನೆ: ಹೊಸಒಲೆ

ಎಲ್ಲರಿಗೂ ನಮಸ್ಕಾರ. ಊಟದ ಜೊತೆಗೆ ನಂಚಿಕೊಳ್ಳಲು ತಾಜಾ ಹಸಿಮೆಣಸಿನಕಾಯಿಯನ್ನು ಇಡಿಯಾಗಿಯೇ ಬಾಣಲೆಯಲ್ಲಿ ಹುರಿಯುವ ವಿಧಾನದ ಬಗ್ಗೆ ಇಲ್ಲಿನ ಅನುಭವಿಗಳಿಂದ ತಿಳಿಯಬೇಕೆಂದಿದ್ದೇನೆ. ಒಳಗೆ ಮಸಾಲೆ ತುಂಬುವುದಾಗಲಿ, ಹಿಟ್ಟಿನಲ್ಲಿ ಅದ್ದಿ ಕರಿಯುವುದಾಗಲಿ ನನಗೆ ಬೇಕಾಗಿಲ್ಲ. ಸ್ವಲ್ಪ ಎಣ್ಣೆ, ಉಪ್ಪು ಮತ್ತು ಒಲೆಯ ಉರಿ, ಇಷ್ಟರಿಂದಲೇ ಕಾಯಿಯ ಸಿಪ್ಪೆ ಅಲ್ಲಲ್ಲಿ ಬೊಬ್ಬೆಯೆದ್ದು, ಒಳಭಾಗ ಮೆತ್ತಗಾಗಿ, ಖಾರದ ಹಿಂದೆಯೇ ಒಂದಿಷ್ಟು ಸಿಹಿಯೂ ನಾಲಗೆಗೆ ಸಿಗುವಂತಿರಬೇಕು ಎಂಬುದಷ್ಟೇ ಆಸೆ.

ಆದರೆ ಉರಿಯನ್ನು ಜೋರಾಗಿಟ್ಟರೆ ಸಿಪ್ಪೆ ಒಂದೆರಡು ಕಡೆ ಸೀದು ಕರಿಕಲಾಗುತ್ತದೆ, ಕಚ್ಚಿದರೆ ಒಳಗೆ ಹಸಿ ವಾಸನೆ ಹಾಗೆಯೇ ಇರುತ್ತದೆ. ಉರಿಯನ್ನು ಸಣ್ಣದಾಗಿಟ್ಟರೆ ಕಾಯಿ ಪೂರ್ತಿ ಬಾಡಿ, ಬಣ್ಣಗೆಟ್ಟು, ಬೇಯಿಸಿದ ಸೊಪ್ಪಿನ ಹಾಗೆ ಜೋತುಬೀಳುತ್ತದೆ. ಕೆಲವು ಕಾಯಿಗಳು ಪಟ್ಟೆಂದು ಸಿಡಿದು ಎಣ್ಣೆಯನ್ನು ಮೈಮೇಲೆ ಹಾರಿಸುತ್ತವೆ. ಇವೆಲ್ಲಕ್ಕಿಂತ ದೊಡ್ಡ ತೊಂದರೆಯೆಂದರೆ ಘಾಟು. ಹುರಿಯಲು ಆರಂಭಿಸಿದ ಸ್ವಲ್ಪ ಹೊತ್ತಿಗೆಲ್ಲ ಮನೆಮಂದಿಯೆಲ್ಲ ಕೆಮ್ಮುತ್ತಾ ಕಿಟಕಿಗಳ ಕಡೆಗೆ ಓಡುತ್ತಾರೆ.

ಖಾರವನ್ನು ತಗ್ಗಿಸಲೆಂದು ಬೀಜವನ್ನು ಉದುರಿಸಿ ಹುರಿದಾಗಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಉಪ್ಪನ್ನು ಯಾವಾಗ ಹಾಕಬೇಕು, ಮುಚ್ಚಳ ಬೇಕೇ ಬೇಡವೇ, ಕಾಯಿಯನ್ನು ಸೀಳಬೇಕೇ ಎಂಬುದರ ಬಗ್ಗೆ ಒಬ್ಬೊಬ್ಬರು ಒಂದೊಂದು ಮಾತು ಹೇಳುತ್ತಾರೆ. ದಯವಿಟ್ಟು ಅಳತೆಯ ಜೊತೆಗೆ ಕಾರಣವನ್ನೂ ತಿಳಿಸಿದರೆ, ಕಾಯಿಯ ಜಾತಿ ಬದಲಾದಾಗ ನಾನೇ ಹೊಂದಿಸಿಕೊಳ್ಳಬಲ್ಲೆ.

ಉತ್ತರ: ಕಬ್ಬಿಣದಬಾಣಲೆ

ನೀವು ಹೇಳಿದ ತೊಂದರೆಗಳಲ್ಲಿ ಹೆಚ್ಚಿನವುಗಳ ಮೂಲ ಒಂದೇ, ಅದು ನೀರು. ತಾಜಾ ಮೆಣಸಿನಕಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇರುತ್ತದೆ. ನೀರಿರುವ ಜಾಗದ ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಸಿಪ್ಪೆ ಕಂದುಬಣ್ಣಕ್ಕೆ ತಿರುಗಿ ಹುರಿದ ಪರಿಮಳ ಹುಟ್ಟಬೇಕಾದರೆ ಆ ಜಾಗ ಒಣಗಿ 140 ಡಿಗ್ರಿಯ ಆಸುಪಾಸಿಗೆ ಏರಬೇಕು. ಅಂದರೆ ಸಿಪ್ಪೆಗೆ ಒಣ ಶಾಖ ಬೇಕು, ಒಳಗಿನ ದಪ್ಪ ಗೋಡೆಗೆ ಹಬೆಯ ಶಾಖ ಸಾಕು. ಈ ಎರಡನ್ನೂ ಒಂದೇ ಉರಿಯಲ್ಲಿ, ಒಂದೇ ಹೊತ್ತಿನಲ್ಲಿ ಪಡೆಯಲು ಹೊರಟರೆ ನೀವು ವಿವರಿಸಿದ ಎರಡು ಫಲಿತಾಂಶಗಳಲ್ಲಿ ಒಂದು ಖಂಡಿತ. ಆದ್ದರಿಂದ ಕೆಲಸವನ್ನು ಎರಡು ಹಂತಕ್ಕೆ ಒಡೆಯಿರಿ: ಮೊದಲು ತೆರೆದ ಬಾಣಲೆಯಲ್ಲಿ ಬೊಬ್ಬೆ ಎಬ್ಬಿಸುವುದು, ಆಮೇಲೆ ಮುಚ್ಚಳದಡಿಯಲ್ಲಿ ಮೆತ್ತಗಾಗಿಸುವುದು.

ಕಾಯಿಯನ್ನು ತೊಳೆದ ಮೇಲೆ ಬಟ್ಟೆಯಿಂದ ಪೂರ್ತಿ ಒರೆಸಿ, ತೊಟ್ಟಿನ ಬುಡದಲ್ಲಿ ನಿಂತ ಹನಿಯನ್ನೂ ಬಿಡದೆ ಒಣಗಿಸಿ. ಬಾಣಲೆಯಲ್ಲಿ ಎಣ್ಣೆ ಸಿಡಿಯುವುದಕ್ಕೆ ಈ ಹನಿಯೇ ಅರ್ಧ ಕಾರಣ. ತೊಟ್ಟನ್ನು ಕೀಳಬೇಡಿ. ಕಿತ್ತರೆ ಆ ತೂತಿನಿಂದ ಒಳಕ್ಕೆ ಎಣ್ಣೆ ಸೇರುತ್ತದೆ, ತಿನ್ನುವಾಗ ಹಿಡಿಯುವುದಕ್ಕೂ ಏನೂ ಉಳಿಯುವುದಿಲ್ಲ. ಇನ್ನು ಸೀಳುವ ಪ್ರಶ್ನೆ. ಮೆಣಸಿನಕಾಯಿಯ ಹೊರಮೈಗೆ ಮೇಣದಂಥ ಹೊದಿಕೆಯಿದ್ದು ಅದು ನೀರನ್ನೂ ಹಬೆಯನ್ನೂ ಸುಲಭವಾಗಿ ಬಿಡುವುದಿಲ್ಲವಾದ್ದರಿಂದ, ಒಳಗಿನ ಗಾಳಿ ಮತ್ತು ಹಬೆ ಹಿಗ್ಗಿ ದಾರಿ ಸಿಗದಿದ್ದಾಗ ಕಾಯಿ ಸಿಡಿಯುತ್ತದೆ. ಅದಕ್ಕೆ ಉದ್ದಕ್ಕೂ ಸೀಳಬೇಕಾದ ಅಗತ್ಯವಿಲ್ಲ. ಚಾಕುವಿನ ತುದಿಯಿಂದ ತೊಟ್ಟಿನ ಕೆಳಗೆ ಒಂದು ಕಡೆ ಚುಚ್ಚಿದರೆ ಹಬೆಗೆ ದಾರಿಯಾಯಿತು. ಉದ್ದಕ್ಕೆ ಸೀಳಿದರೆ ಒಳಗಿನ ರಸ ಬಾಣಲೆಗೆ ಇಳಿದು ಎಣ್ಣೆಯೆಲ್ಲ ಚಟಪಟಗುಟ್ಟುತ್ತದೆ ಮತ್ತು ಘಾಟು ಹೆಚ್ಚುತ್ತದೆ.

ದಪ್ಪ ತಳದ ಬಾಣಲೆ ಅಥವಾ ಕಾವಲಿಯನ್ನು ಮಧ್ಯಮ ಉರಿಗಿಂತ ತುಸು ಹೆಚ್ಚಿನ ಉರಿಯಲ್ಲಿ ಎರಡು ಮೂರು ನಿಮಿಷ ಕಾಯಿಸಿ. ತೆಳ್ಳಗಿನ ಪಾತ್ರೆಯಾದರೆ ಕಾಯಿ ಬಿದ್ದ ಕೂಡಲೇ ಅದರ ಕಾವು ಇಳಿದುಹೋಗುತ್ತದೆ, ಮತ್ತೆ ಏರುವ ಹೊತ್ತಿಗೆ ಕಾಯಿ ಬೆವರಲು ಆರಂಭಿಸಿರುತ್ತದೆ. ಕಾಲು ಕಿಲೋ ಕಾಯಿಗೆ ಒಂದು ದೊಡ್ಡ ಚಮಚ ಎಣ್ಣೆ ಸಾಕು. ಆದರೆ ಅದನ್ನು ಬಾಣಲೆಗೆ ಸುರಿಯುವ ಬದಲು, ಒಣಗಿದ ಕಾಯಿಗಳನ್ನು ಒಂದು ತಟ್ಟೆಯಲ್ಲಿ ಹಾಕಿ ಅವುಗಳಿಗೇ ಎಣ್ಣೆ ಸವರಿ. ಕಾಯಿ ಬಾಗಿರುವುದರಿಂದ ಅದು ಬಾಣಲೆಯ ತಳವನ್ನು ಎರಡು ಮೂರು ಬಿಂದುಗಳಲ್ಲಿ ಮಾತ್ರ ಮುಟ್ಟುತ್ತದೆ, ಕರಿಕಲಾಗುವುದೂ ಆ ಬಿಂದುಗಳೇ. ಮೈಗೆ ಹತ್ತಿದ ಎಣ್ಣೆಯ ಪದರ ಶಾಖವನ್ನು ಆ ಬಿಂದುಗಳಿಂದಾಚೆಗೂ ಹರಡುತ್ತದೆ. ಅಗಲವಾದ ಸಟ್ಟುಗದಿಂದ ಕಾಯಿಗಳನ್ನು ಮೆಲ್ಲಗೆ ಒತ್ತಿ ಹಿಡಿದರೆ ಇನ್ನೂ ಒಳ್ಳೆಯದು.

ಕಾಯಿಗಳು ಒಂದರ ಮೇಲೊಂದು ಬೀಳದಂತೆ ಒಂದೇ ಪದರವಾಗಿ ಹರಡಿ. ಜಾಗ ಸಾಲದಿದ್ದರೆ ಎರಡು ಸಲ ಮಾಡಿ, ತುಂಬಿ ತುಳುಕುವ ಬಾಣಲೆಯಲ್ಲಿ ಹುರಿಯುವುದಲ್ಲ, ಬೇಯಿಸುವುದೇ ಆಗುತ್ತದೆ. ಹಾಕಿದ ತಕ್ಷಣ ಕೈಯಾಡಿಸುವ ಚಪಲವನ್ನೂ ತಡೆದುಕೊಳ್ಳಬೇಕು. ಒಂದೂವರೆ ನಿಮಿಷ ಹಾಗೆಯೇ ಬಿಟ್ಟು, ತಳ ಮುಟ್ಟಿದ ಭಾಗ ಬಿಳಿಚಿ ಉಬ್ಬಿ ಕಂದು ಚುಕ್ಕೆ ಹಿಡಿದ ಮೇಲೆ ಇಕ್ಕಳದಿಂದ ಹೊರಳಿಸಿ. ಬೆರಳಿನಷ್ಟು ಸಣ್ಣ, ತೆಳು ಗೋಡೆಯ ಕಾಯಿಗಳಿಗೆ ಒಟ್ಟು ನಾಲ್ಕೈದು ನಿಮಿಷ ಸಾಕಾಗಿ, ಅವುಗಳಿಗೆ ಎರಡನೆಯ ಹಂತವೇ ಬೇಕಾಗುವುದಿಲ್ಲ. ಹಲಪೆನ್ಯೊದಂಥ ದಪ್ಪ ಗೋಡೆಯ ಕಾಯಿಗಳಿಗೆ ಆರರಿಂದ ಎಂಟು ನಿಮಿಷದ ನಂತರವೂ ಒಳಗೆ ಬಿಗಿ ಉಳಿದಿರುತ್ತದೆ. ಆಗ ಉರಿಯನ್ನು ಪೂರ್ತಿ ತಗ್ಗಿಸಿ, ಬಾಣಲೆಯ ಅಂಚಿಗೆ ಒಂದು ಚಮಚ ನೀರು ಬಿಟ್ಟು, ಮರುಕ್ಷಣವೇ ಮುಚ್ಚಳ ಮುಚ್ಚಿ ಎರಡು ಮೂರು ನಿಮಿಷ ಇಡಿ. ಮುಚ್ಚಳ ತೆಗೆಯುವಾಗ ಮುಖವನ್ನು ದೂರವಿಟ್ಟು, ಹಬೆ ಆಚೆ ಬದಿಯಿಂದ ಹೋಗುವಂತೆ ಓರೆಯಾಗಿ ಎತ್ತಿ. ನಂತರ ಉಳಿದ ತೇವ ಆರುವವರೆಗೆ ಅರ್ಧ ನಿಮಿಷ ತೆರೆದಿಟ್ಟು ಇಳಿಸಬಹುದು.

ಉಪ್ಪು ಕೊನೆಯಲ್ಲಿ. ಮೊದಲೇ ಹಾಕಿದರೆ ಅದು ಚುಚ್ಚಿದ ಜಾಗದಿಂದ ನೀರನ್ನು ಎಳೆಯುತ್ತದೆ. ಇಡೀ ಸಿಪ್ಪೆಗಂತೂ ಉಪ್ಪು ಹತ್ತುವುದೇ ಇಲ್ಲ, ಜಾರಿ ಬಾಣಲೆಯ ತಳದಲ್ಲಿ ಕೂರುತ್ತದೆ. ಬೊಬ್ಬೆ ಒಡೆದು ಸುಕ್ಕುಗಟ್ಟಿದ ಬಿಸಿ ಸಿಪ್ಪೆಯ ಮೇಲೆ ಪುಡಿ ಉಪ್ಪನ್ನು ಉದುರಿಸಿದರೆ ಸುಕ್ಕುಗಳಲ್ಲಿ ಹಿಡಿದು ನಿಲ್ಲುತ್ತದೆ. ನಿಂಬೆರಸ ಬೇಕಿದ್ದವರು ಅದನ್ನು ಬಡಿಸುವ ತಟ್ಟೆಯಲ್ಲಿಯೇ ಹಿಂಡಿಕೊಳ್ಳುವುದು ಲೇಸು. ಹುಳಿ ಮತ್ತು ಶಾಖ ಒಟ್ಟಾದರೆ ಕಾಯಿಯ ಹಸಿರು ಬೇಗನೆ ಮಾಸಿ ಪಾಚಿಬಣ್ಣಕ್ಕೆ ತಿರುಗುತ್ತದೆ, ಕಬ್ಬಿಣದ ಬಾಣಲೆಯಾದರೆ ಲೋಹದ ರುಚಿಯೂ ಸೇರಿಕೊಳ್ಳುತ್ತದೆ.

ಉತ್ತರ: ತಿರುಳುಬೀಜ

ಮೇಲಿನವರು ಹುರಿಯುವ ಕ್ರಮವನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಖಾರ ಮತ್ತು ಘಾಟಿನ ವಿಷಯಕ್ಕೆ ಬರುತ್ತೇನೆ.

ಹೊಸಒಲೆ ಅವರೇ, ಬೀಜ ಉದುರಿಸಿದರೂ ಖಾರ ತಗ್ಗಲಿಲ್ಲ ಎಂಬ ನಿಮ್ಮ ಅನುಭವದಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತು ಉತ್ಪತ್ತಿಯಾಗುವುದು ಬೀಜದಲ್ಲಲ್ಲ, ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ. ಬೀಜಕ್ಕೆ ಇರುವ ಖಾರ ಆ ತಿರುಳಿನ ಸಂಪರ್ಕದಿಂದ ಹತ್ತಿದ್ದು ಮಾತ್ರ. ಆದ್ದರಿಂದ ಬೀಜವನ್ನೆಲ್ಲ ಉದುರಿಸಿ ಬಿಳಿಯ ಎಳೆಗಳನ್ನು ಹಾಗೆಯೇ ಬಿಟ್ಟರೆ ಶ್ರಮ ವ್ಯರ್ಥ. ಎಳೆಗಳನ್ನು ಸಣ್ಣ ಚಮಚದ ಅಂಚಿನಿಂದ ಕೆರೆದು ತೆಗೆದರೆ, ನಾಲ್ಕು ಬೀಜ ಉಳಿದರೂ ಖಾರ ಸ್ಪಷ್ಟವಾಗಿ ಇಳಿಯುತ್ತದೆ. ಇಡಿಯಾಗಿ ಹುರಿಯುವವರಿಗೆ ಈ ಉಪಾಯ ಒದಗುವುದಿಲ್ಲವೆಂಬುದು ನಿಜ. ಅವರು ಕಾಯಿಯ ಜಾತಿಯನ್ನೇ ಸರಿಯಾಗಿ ಆರಿಸಿಕೊಳ್ಳಬೇಕು.

ಆಯ್ಕೆಗೆ ಸ್ಕೋವಿಲ್ ಅಳತೆ ಸ್ಥೂಲವಾದ ದಾರಿ ತೋರಿಸುತ್ತದೆ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಔಷಧತಜ್ಞ, ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ಎಷ್ಟು ಪಟ್ಟು ತೆಳುವಾಗಿಸಿದರೆ ರುಚಿ ನೋಡುವವರಿಗೆ ಖಾರ ತಿಳಿಯದೇ ಹೋಗುತ್ತದೆ ಎಂಬುದರ ಮೇಲೆ ಈ ಅಳತೆಯನ್ನು ರೂಪಿಸಿದರು. ಈಗ ಉಪಕರಣಗಳಿಂದ ಕ್ಯಾಪ್ಸೈಸಿನ್ ಪ್ರಮಾಣವನ್ನೇ ನೇರವಾಗಿ ಅಳೆಯುತ್ತಾರೆ. ಹಲಪೆನ್ಯೊ ಸುಮಾರು 2,500ರಿಂದ 8,000, ಸೆರಾನೊ 10,000ದಿಂದ 23,000, ಹಬನೇರೊ ಲಕ್ಷದಿಂದ ಮೂರೂವರೆ ಲಕ್ಷದವರೆಗೆ. ಇಡಿಯಾಗಿ ಹುರಿದು ನಂಚಿಕೊಳ್ಳಲು ಮೊದಲನೆಯ ಗುಂಪು ಹಿತ, ಖಾರದ ಅಭ್ಯಾಸ ಗಟ್ಟಿಯಾಗಿದ್ದವರಿಗೆ ಎರಡನೆಯದು. ಮೂರನೆಯದು ನಂಚಿಕೊಳ್ಳುವ ಪದಾರ್ಥವೇ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ, ಅದನ್ನು ತಿಂದು ತೋರಿಸುವವರ ಧೈರ್ಯಕ್ಕೂ ಅಡುಗೆಗೂ ಸಂಬಂಧವಿಲ್ಲ.

ಒಂದೇ ರಾಶಿಯ ಕಾಯಿಗಳಲ್ಲಿಯೂ ಖಾರ ಹೆಚ್ಚುಕಡಿಮೆ ಇರುತ್ತದೆ. ಬಲಿತ ಕಾಯಿ ಎಳೆಯದಕ್ಕಿಂತ ಖಾರ, ನೀರಿನ ಕೊರತೆಯಲ್ಲಿ ಬೆಳೆದ ಗಿಡದ ಕಾಯಿ ಇನ್ನೂ ಖಾರವಾಗಿರುವುದುಂಟು. ಪದ್ರೋನ್ ಮತ್ತು ಶಿಶಿತೊ ಎಂಬ ಸಪ್ಪೆಯ ಜಾತಿಗಳಲ್ಲಿಯೂ ನಡುವೆ ಒಂದು ಕಾಯಿ ಇದ್ದಕ್ಕಿದ್ದಂತೆ ಖಾರವಾಗಿ ಬರುವುದು ಪ್ರಸಿದ್ಧ. ಹೊರಗಿನಿಂದ ನೋಡಿ ಇದನ್ನು ನಿಶ್ಚಯವಾಗಿ ಹೇಳುವ ಗುರುತು ಇಲ್ಲವಾದ್ದರಿಂದ, ಬಡಿಸುವಾಗ ಮಕ್ಕಳಿಗೆ ತುದಿಯನ್ನು ಮಾತ್ರ ಮುರಿದುಕೊಡುವುದು ಜಾಣತನ. ತಿರುಳು ತೊಟ್ಟಿನ ಕಡೆ ದಟ್ಟವಾಗಿರುತ್ತದೆ, ತುದಿಯಲ್ಲಿ ವಿರಳ.

ಹುರಿದರೆ ಖಾರ ಸಾಯುತ್ತದೆ ಎಂದು ಹಲವರು ನಂಬಿದ್ದಾರೆ. ಕ್ಯಾಪ್ಸೈಸಿನ್ ಶಾಖಕ್ಕೆ ಅಷ್ಟು ಸುಲಭವಾಗಿ ಬಗ್ಗುವ ವಸ್ತುವಲ್ಲ, ಬಾಣಲೆಯ ಕೆಲವು ನಿಮಿಷಗಳಲ್ಲಿ ಅದು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಹುರಿದ ಕಾಯಿ ಹಿತವೆನಿಸುವುದು ಒಳಗಿನ ಸಿಹಿ ಮುಂದೆ ಬಂದು ಹಸಿ ವಾಸನೆ ಹೋಗುವುದರಿಂದ. ಇದಕ್ಕೆ ವಿರುದ್ಧವಾಗಿ, ಬಾಣಲೆಯಿಂದ ಇಳಿಸಿದ ಕೂಡಲೇ ಬಾಯಿಗೆ ಹಾಕಿದರೆ ಖಾರ ಇಮ್ಮಡಿಯಾದಂತೆ ಅನ್ನಿಸುತ್ತದೆ. ಖಾರವನ್ನು ಗ್ರಹಿಸುವ ನರಗಳಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕವೇ ಸುಮಾರು 43 ಡಿಗ್ರಿಗಿಂತ ಮೇಲಿನ ಬಿಸಿಯನ್ನೂ ಗ್ರಹಿಸುತ್ತದೆ. ಖಾರ ಮತ್ತು ಬಿಸಿ ಎರಡೂ ಒಂದೇ ಬಾಗಿಲನ್ನು ತಟ್ಟುವುದರಿಂದ ಮೆದುಳಿಗೆ ಎರಡೂ ಉರಿಯಾಗಿಯೇ ಮುಟ್ಟುತ್ತವೆ. ಡೇವಿಡ್ ಜೂಲಿಯಸ್ ಅವರ ತಂಡ ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿತು, 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಅವರು ಆರ್ಡೆಮ್ ಪಟಪೌಟಿಯನ್ ಅವರೊಂದಿಗೆ ಹಂಚಿಕೊಂಡರು. ಅಡುಗೆಯವರಿಗೆ ಇದರಿಂದ ಆಗುವ ಉಪಯೋಗವಿಷ್ಟೇ: ಕಾಯಿ ಉಗುರುಬೆಚ್ಚಗಾಗುವವರೆಗೆ ಕಾಯ್ದು ಬಡಿಸಿದರೆ ಅದೇ ಕಾಯಿ ಮೃದುವಾಗಿ ತೋರುತ್ತದೆ.

ಘಾಟಿನ ಕಾರಣವೂ ಇದಕ್ಕೇ ಸೇರಿದ್ದು. ಸಿಡಿಯುವ ಎಣ್ಣೆಯ ಸೂಕ್ಷ್ಮ ಹನಿಗಳು, ಹಬೆ ಮತ್ತು ಹೊಗೆ ಕ್ಯಾಪ್ಸೈಸಿನ್ ಅನ್ನು ಹೊತ್ತು ಗಾಳಿಗೆ ಏರುತ್ತವೆ, ಗಂಟಲಿನ ಅದೇ ಬಗೆಯ ಗ್ರಾಹಕಗಳನ್ನು ಕೆರಳಿಸುತ್ತವೆ. ಸೀದ ಕಾಯಿಯಿಂದ ಏಳುವ ಹೊಗೆ ಎಲ್ಲಕ್ಕಿಂತ ಕೆಟ್ಟದ್ದು. ಆದುದರಿಂದ ಕಾಯಿಯ ಮೇಲೆ ಕಂದು ಚುಕ್ಕೆಗಳು ಬಂದರೆ ಸಾಕು, ಮೈಯೆಲ್ಲ ಕಪ್ಪಾಗುವವರೆಗೆ ಕಾಯುವುದು ಬೇಡ. ಎಣ್ಣೆ ಹೊಗೆಯಾಡುವ ಮೊದಲೇ ಕಾಯಿ ಹಾಕಬೇಕು. ಎಕ್ಸಾಸ್ಟ್ ಫ್ಯಾನನ್ನು ಘಾಟು ಎದ್ದ ಮೇಲೆ ಹಾಕುವುದರಿಂದ ಪ್ರಯೋಜನ ಕಡಿಮೆ, ಬಾಣಲೆಯನ್ನು ಒಲೆಯ ಮೇಲಿಡುವಾಗಲೇ ಹಾಕಿ. ಮನೆಯಲ್ಲಿ ಉಬ್ಬಸದ ತೊಂದರೆ ಇರುವವರಿದ್ದರೆ ಅವರನ್ನು ಆ ಹೊತ್ತಿಗೆ ಬೇರೆ ಕೋಣೆಗೆ ಕಳುಹಿಸಿ ಬಾಗಿಲು ಹಾಕಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಿರಿ.

ಉತ್ತರ: ಸಣ್ಣಉರಿ

ಕಬ್ಬಿಣದಬಾಣಲೆ ಅವರ ಕ್ರಮವನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಕಾದ ಬಾಣಲೆಗೆ, ಅದೂ ಮೆಣಸಿನ ಎಣ್ಣೆಯಿರುವ ಬಾಣಲೆಗೆ, ನೀರು ಬಿಡುವುದು ಅನುಭವವಿಲ್ಲದವರಿಗೆ ಹೇಳಿಕೊಡುವ ಮಾತಲ್ಲ. ಎಷ್ಟೇ ಬೇಗ ಮುಚ್ಚಿದರೂ ಆ ಒಂದು ಕ್ಷಣದಲ್ಲಿ ಏಳುವ ಖಾರದ ಹಬೆ ಕಣ್ಣಿಗೂ ಗಂಟಲಿಗೂ ಹೊಡೆಯುತ್ತದೆ.

ನಾನು ಇದನ್ನು ತಿರುವುಮುರುವಾಗಿ ಮಾಡುತ್ತೇನೆ. ತಣ್ಣನೆಯ ಬಾಣಲೆಯಲ್ಲಿ ಎಣ್ಣೆ ಸವರಿದ ಕಾಯಿಗಳನ್ನು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಆರೇಳು ನಿಮಿಷ ಇಡುತ್ತೇನೆ. ನಡುವೆ ಮುಚ್ಚಳ ತೆಗೆಯದೆ ಬಾಣಲೆಯನ್ನೇ ಹಿಡಿದು ಒಂದೆರಡು ಸಲ ಅಲುಗಿಸುತ್ತೇನೆ. ಕಾಯಿ ತನ್ನದೇ ನೀರಿನ ಹಬೆಯಲ್ಲಿ ಬಾಡುತ್ತದೆ. ಶಾಖ ನಿಧಾನವಾಗಿ ಏರುವುದರಿಂದ ಸಿಡಿಯುವುದೂ ಕಡಿಮೆ. ಮೆತ್ತಗಾದ ಮೇಲೆ ಮುಚ್ಚಳ ತೆಗೆದು, ಉರಿಯನ್ನು ಏರಿಸಿ, ತಳದ ನೀರು ಆರಿ ಚರಚರ ಸದ್ದು ಗಟ್ಟಿಯಾಗುವವರೆಗೆ ಕಾಯ್ದು, ಆಮೇಲೆ ಎರಡೂ ಬದಿ ಕಂದಾಗಿಸುತ್ತೇನೆ. ಬಾಡಿದ ಕಾಯಿ ಚಪ್ಪಟೆಯಾಗಿ ಕೂರುವುದರಿಂದ ಬಾಣಲೆಯ ತಳವನ್ನು ಹೆಚ್ಚು ಭಾಗದಲ್ಲಿ ಮುಟ್ಟುತ್ತದೆ, ಒತ್ತಿ ಹಿಡಿಯುವ ಅಗತ್ಯವೂ ಇರುವುದಿಲ್ಲ.

ಉಪ್ಪಿನ ಬಗ್ಗೆಯೂ ಅಷ್ಟೆ. ಕಾಯಿಯನ್ನು ಉದ್ದಕ್ಕೆ ಸೀಳಿಕೊಂಡು, ಸೀಳಿನೊಳಗೆ ಒಂದು ಚಿಟಿಕೆ ಉಪ್ಪು ಸವರಿ ಹತ್ತು ನಿಮಿಷ ಇಟ್ಟರೆ ರುಚಿ ಒಳಗಿನವರೆಗೆ ಇಳಿಯುತ್ತದೆ, ಬರಿಯ ಸಿಪ್ಪೆಯ ಮೇಲಿನ ಉಪ್ಪು ಮೊದಲ ಕಚ್ಚಿಗೇ ಮುಗಿದುಹೋಗುತ್ತದೆ. ಬಿಟ್ಟ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದು ಬಾಣಲೆಗೆ ಹಾಕಬೇಕು. ಹಸಿರು ಸ್ವಲ್ಪ ಮಾಸುತ್ತದೆ, ಒಪ್ಪುತ್ತೇನೆ. ನನಗೆ ಬಣ್ಣಕ್ಕಿಂತ ರುಚಿ ಮುಖ್ಯ.

ಹೊಸಒಲೆ (ಪ್ರಶ್ನೆ ಕೇಳಿದವರು)

ಮೂವರಿಗೂ ಧನ್ಯವಾದಗಳು. ಎರಡು ಕ್ರಮಗಳಲ್ಲಿ ಯಾವುದನ್ನು ಯಾವ ಕಾಯಿಗೆ ಬಳಸಬೇಕೆಂಬ ಗೊಂದಲ ಇನ್ನೂ ಉಳಿದಿದೆ. ನನ್ನಲ್ಲಿರುವುದು ನಾನ್‌ಸ್ಟಿಕ್ ಬಾಣಲೆ ಮತ್ತು ವಿದ್ಯುತ್ ಒಲೆ. ಇದರಿಂದ ಏನಾದರೂ ಬದಲಾವಣೆ ಮಾಡಿಕೊಳ್ಳಬೇಕೇ? ಬೆಳ್ಳುಳ್ಳಿ ಮತ್ತು ಈರುಳ್ಳಿಯನ್ನು ಜೊತೆಗೆ ಹಾಕುವುದಾದರೆ ಯಾವಾಗ ಹಾಕಬೇಕು ಎಂಬುದನ್ನೂ ತಿಳಿಸಿ.

ಉತ್ತರ: ಕಬ್ಬಿಣದಬಾಣಲೆ

ಸಣ್ಣಉರಿ ಅವರ ಎಚ್ಚರಿಕೆ ಸರಿಯಾದದ್ದೇ. ನೀರಿನ ಬದಲು ಇನ್ನೊಂದು ದಾರಿಯಿದೆ: ಬೊಬ್ಬೆಯೆದ್ದ ಬಿಸಿ ಕಾಯಿಗಳನ್ನು ಒಂದು ಬಟ್ಟಲಿಗೆ ಹಾಕಿ ತಟ್ಟೆ ಮುಚ್ಚಿ ಐದು ನಿಮಿಷ ಇಟ್ಟರೆ ಅವುಗಳ ಕಾವಿನಲ್ಲಿಯೇ ಒಳಭಾಗ ಬೇಯುತ್ತದೆ. ಸಿಪ್ಪೆ ಸಡಿಲವಾಗಿ, ಬೇಡವಾದವರು ಸುಲಿದು ತೆಗೆಯಬಹುದು. ತುಂಬ ದಪ್ಪ ಗೋಡೆಯ ಕಾಯಿಗೆ ಈ ಕಾವು ಸಾಲುವುದಿಲ್ಲ, ಅಂಥವುಗಳಿಗೆ ಸಣ್ಣಉರಿ ಅವರ ಕ್ರಮವೇ ವಾಸಿ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ತೆಳು ಗೋಡೆಯ ಕಾಯಿಯನ್ನು ಆರೇಳು ನಿಮಿಷ ಮುಚ್ಚಿಟ್ಟರೆ ಕಂದಾಗುವ ಹೊತ್ತಿಗೆ ಸಿಪ್ಪೆ ಮತ್ತು ಬೀಜ ಬಿಟ್ಟು ಬೇರೇನೂ ಉಳಿದಿರುವುದಿಲ್ಲ. ಜಾತಿಯ ಹೆಸರು ಗೊತ್ತಿಲ್ಲದಿದ್ದರೂ ಒಂದು ಕಾಯಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಸಾಕು. ಗೋಡೆ ಎರಡು ಮಿಲಿಮೀಟರಿಗಿಂತ ತೆಳುವಾಗಿದ್ದರೆ ತೆರೆದ ಬಾಣಲೆ, ನಾಲ್ಕರ ಹತ್ತಿರವಿದ್ದರೆ ಮೊದಲು ಮುಚ್ಚಳ. ನಡುವಿನದಕ್ಕೆ ಬಟ್ಟಲಿನ ಉಪಾಯ.

ನಾನ್‌ಸ್ಟಿಕ್ ಬಾಣಲೆಯನ್ನು ಖಾಲಿಯಾಗಿ ಜೋರು ಉರಿಯಲ್ಲಿ ಕಾಯಿಸಬಾರದು. ಸುಮಾರು 260 ಡಿಗ್ರಿ ದಾಟಿದರೆ ಅದರ ಲೇಪನ ಕೆಡಲಾರಂಭಿಸುತ್ತದೆ, ಖಾಲಿ ಬಾಣಲೆ ಆ ಮಟ್ಟಕ್ಕೆ ಬಹುಬೇಗ ತಲುಪಬಲ್ಲದು. ಆದ್ದರಿಂದ ನಿಮಗೆ ತಣ್ಣನೆಯ ಬಾಣಲೆಯಿಂದ ಆರಂಭಿಸುವ ಕ್ರಮವೇ ಹೊಂದುತ್ತದೆ, ಕಂದಾಗಿಸುವ ಹಂತವನ್ನೂ ಮಧ್ಯಮ ಉರಿಯಲ್ಲಿಯೇ ಒಂದೆರಡು ನಿಮಿಷ ಹೆಚ್ಚು ಕೊಟ್ಟು ಮಾಡಿ. ವಿದ್ಯುತ್ ಒಲೆಯ ಬಿಸಿತಟ್ಟೆ ಉರಿ ತಗ್ಗಿಸಿದ ಮೇಲೂ ಬಹಳ ಹೊತ್ತು ಕಾವು ಹಿಡಿದಿರುತ್ತದೆ, ಹಾಗಾಗಿ ತಗ್ಗಿಸುವ ಬದಲು ಬಾಣಲೆಯನ್ನೇ ಪಕ್ಕಕ್ಕೆ ಸರಿಸಬೇಕಾಗುತ್ತದೆ. ಇಂಡಕ್ಷನ್ ಆದರೆ ಈ ಚಿಂತೆಯಿಲ್ಲ, ಆದರೆ ಅಲ್ಲಿ ಬಾಣಲೆಯ ನಡುಭಾಗವೇ ಹೆಚ್ಚು ಕಾಯುವುದರಿಂದ ಅಂಚಿನ ಕಾಯಿಗಳನ್ನು ನಡುವಿಗೆ, ನಡುವಿನವನ್ನು ಅಂಚಿಗೆ ಬದಲಿಸುತ್ತಿರಬೇಕು.

ಈರುಳ್ಳಿಯಲ್ಲಿ ನೀರು ಹೆಚ್ಚು. ಕಾಯಿಯ ಜೊತೆಯಲ್ಲಿಯೇ ಹಾಕಿದರೆ ಎರಡೂ ಬೆವರಿ ಎರಡೂ ಕಂದಾಗದೆ ಉಳಿಯುತ್ತವೆ. ಕಾಯಿಯನ್ನು ಹುರಿದು ತೆಗೆದು, ಬಾಣಲೆಯಲ್ಲಿ ಉಳಿದ ಅದೇ ಖಾರದ ಎಣ್ಣೆಯಲ್ಲಿ ದಪ್ಪನೆಯ ಈರುಳ್ಳಿ ಹೋಳುಗಳನ್ನು ಅಂಚು ಕೆಂಪಾಗುವವರೆಗೆ ಹುರಿದು, ಕೊನೆಯಲ್ಲಿ ಎರಡನ್ನೂ ಕೂಡಿಸಿ. ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಕರಗುವುದರಿಂದ ಈರುಳ್ಳಿಗೂ ಹಿತವಾದ ಖಾರ ಬರುತ್ತದೆ. ಒಮ್ಮೊಮ್ಮೆ ಕಾಯಿಗಿಂತ ಈರುಳ್ಳಿಯೇ ಬೇಗ ಖಾಲಿಯಾಗುವುದನ್ನು ನೋಡಿದ್ದೇನೆ. ಬೆಳ್ಳುಳ್ಳಿಯನ್ನು ಜಜ್ಜಿ ಕೊನೆಯ ಅರ್ಧ ನಿಮಿಷದಲ್ಲಿ ಮಾತ್ರ ಹಾಕಿ, ಕಾಯಿ ಹುರಿಯುವ ಉರಿಗೆ ಬೆಳ್ಳುಳ್ಳಿ ಬೇಗ ಸೀದು ಕಹಿಯಾಗುತ್ತದೆ. ಸೀಳಿದ ಕಾಯಿಯೊಳಗೆ ಮೊದಲೇ ಉಪ್ಪು ಸವರುವ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ, ಸಣ್ಣಉರಿ ಅವರು ಕ್ಷಮಿಸಬೇಕು. ಒತ್ತಿ ತೆಗೆದ ನೀರಿನ ಜೊತೆಗೆ ಕಾಯಿಯ ಪರಿಮಳವೂ ಬಟ್ಟೆಯ ಪಾಲಾಗುತ್ತದೆ.

ಉತ್ತರ: ಕೈಗವಸು

ಹುರಿಯುವ ಬಗ್ಗೆ ಇಷ್ಟು ಚರ್ಚೆಯಾದರೂ ಕೈಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಈ ಕೆಲವು ಮಾತು. ಇಡೀ ಕಾಯಿಯನ್ನು ಮುಟ್ಟುವುದರಿಂದ ತೊಂದರೆ ಇಲ್ಲ. ಸೀಳಿ ತಿರುಳು ಕೆರೆಯುವವರು ಮಾತ್ರ ನೈಟ್ರೈಲ್ ಕೈಗವಸು ಹಾಕಿಕೊಳ್ಳಬೇಕು. ಬರಿಗೈಯಲ್ಲಿ ಕೆರೆದು ಉರಿ ಹತ್ತಿದರೆ ಬರಿಯ ನೀರಿನಿಂದ ತೊಳೆದು ಫಲವಿಲ್ಲ, ಏಕೆಂದರೆ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ತೀರ ಕಡಿಮೆ. ಮೊದಲು ಅಡುಗೆ ಎಣ್ಣೆಯನ್ನು ಕೈಗೆ ಚೆನ್ನಾಗಿ ಉಜ್ಜಿ ಒರೆಸಿ, ಆಮೇಲೆ ಪಾತ್ರೆ ತೊಳೆಯುವ ಸೋಪಿನಿಂದ ಉಗುರಿನ ಸಂದುಗಳನ್ನೂ ಸೇರಿಸಿ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಬಳಸುವವರು ಲೆನ್ಸ್ ಮುಟ್ಟುವ ಕೆಲಸವನ್ನು ಮೆಣಸಿನಕಾಯಿಗೆ ಕೈ ಹಾಕುವ ಮೊದಲೇ ಮುಗಿಸಿಕೊಳ್ಳುವುದು ಕ್ಷೇಮ.

ಬಾಯಿ ಉರಿಯುವವರಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ನೀರು ಕುಡಿದರೆ ಉರಿ ಬಾಯೆಲ್ಲ ಹರಡುತ್ತದೆ. ತಣ್ಣನೆಯ ಹಾಲು ಕೆಲಸ ಮಾಡುತ್ತದೆ, ಅದರಲ್ಲಿರುವ ಕೇಸಿನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್ ಅನ್ನು ಹಿಡಿದು ನಾಲಗೆಯಿಂದ ಬಿಡಿಸುತ್ತದೆ.

ಉತ್ತರ: ತಿರುಳುಬೀಜ

ಉಳಿದ ಕಾಯಿಗಳ ವಿಷಯವನ್ನೂ ಸೇರಿಸುತ್ತೇನೆ, ಇಲ್ಲಿ ಅಜಾಗ್ರತೆ ಅಪಾಯಕಾರಿ. ಹುರಿದ ಕಾಯಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯ ಕಟ್ಟೆಯ ಮೇಲೆ ದಿನಗಟ್ಟಲೆ ಇಡಬಾರದು. ಮೆಣಸಿನಕಾಯಿ ಖಾರವಾದರೂ ಹುಳಿಯಲ್ಲ. ಅದರ ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ) ಸಾಮಾನ್ಯವಾಗಿ 4.6ಕ್ಕಿಂತ ಮೇಲಿರುತ್ತದೆ, ಎಣ್ಣೆಯ ಕೆಳಗೆ ಗಾಳಿ ಸೋಕುವುದಿಲ್ಲ, ಹೊರಗಿನ ಉಷ್ಣತೆ ಹಿತವಾಗಿರುತ್ತದೆ. ಬಾಟ್ಯುಲಿಸಮ್ ಎಂಬ ಮಾರಕ ವಿಷಾಹಾರಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಬೆಳೆಯಲು ಈ ಮೂರೂ ಅನುಕೂಲ. ಆ ವಿಷ ಇದ್ದರೂ ವಾಸನೆಯಿಂದಾಗಲಿ ಬಣ್ಣದಿಂದಾಗಲಿ ತಿಳಿಯದೇ ಹೋಗಬಹುದು. ಆದ್ದರಿಂದ ಬಡಿಸಿ ಉಳಿದದ್ದನ್ನು ಎರಡು ಗಂಟೆಯೊಳಗೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಿ.

ಮತ್ತೆ ಬಿಸಿಮಾಡುವಾಗ ಒಣ ಬಾಣಲೆಯಲ್ಲಿ ಸಣ್ಣ ಉರಿ ಸಾಕು. ಮೈಕ್ರೋವೇವ್‌ನಲ್ಲಿಟ್ಟರೆ ಚುಚ್ಚದ ಕಾಯಿ ಸಿಡಿಯುವುದಲ್ಲದೆ, ಬಾಗಿಲು ತೆರೆದ ಕ್ಷಣದಲ್ಲಿ ಒಳಗೆ ತುಂಬಿದ ಘಾಟೆಲ್ಲ ಒಂದೇ ಸಲಕ್ಕೆ ಮುಖಕ್ಕೆ ಬರುತ್ತದೆ.